ಗುತ್ತೆಪ್ಪ ಮಾಸ್ತರನ ಕೊಬ್ಬು

"ಎವ್ವಾ, ಅದನ್ನ ಹಚ್ಚಬ್ಯಾಡ! ಪಾಷಾಣ ಐತಿ ಅದು!"

ಶಾರವ್ವ ಚೀರಿದ ರಭಸಕ್ಕೆ ಪಕ್ಕದ ಮನೆಯ ಭರಮವ್ವನ ಕೈಯೊಳಗಿನ ತಗಡಿನ ಡಬ್ಬಿ ಕೆಳಗೆ ಬಿತ್ತು. ಬಿಳಿ ಪುಡಿ ಪಡಸಾಲೆಯ ತುಂಬ ಚೆಲ್ಲಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಗುತ್ತೆಪ್ಪ ಮಾಸ್ತರನ ಹೆಣದ ಹಣೆಯ ಮೇಲೆ ವಿಭೂತಿಯ ಬದಲು ಮೂರು ಬೆರಳಿನ ಪಾಷಾಣ ಮೂಡಿರುತ್ತಿತ್ತು.

"ಪಾಷಾಣ? ಯಪ್ಪಾ ಶಿವನ! ಮತ್ತ ದೇವರ ಗೂಡಿನ್ಯಾಗ ವಿಭೂತಿ ಬಾಜೂಕ ಯಾಕ ಇಟ್ಟಿದ್ದೇ ತಂಗಿ?"

"ನಾ ಎಲ್ಲಿ ಇಟ್ಟೇನಿ! ಹಕ್ಕಿ ತೊಗಲಿಗೆ ಹಚ್ಚಾಕ ಅವರ ಇಟ್ಟಿದ್ರು, ಹುಳ ಹಿಡೀಬಾರದಂತ. ಹೋಗು, ಮೊದಲ ಬೂದಿ ಹಚ್ಚಿ ಕೈ ತೊಳಕೋ. ಬಾಯಾಗ ಬೆರಳ ಇಟ್ಟೀಯಂದ್ರ ಈ ಮನಿಯಿಂದ ಎರಡು ಹೆಣ ಏಳತಾವು."

"ಸತ್ತಾಂವಗ ಪಾಷಾಣ ಏನ ಮಾಡತೈತಿ ಬಿಡವಾ," ಎಂದು ಗೋಡೆಗೆ ಆತು ಕುಳಿತ ಮುದುಕಿಯೊಬ್ಬಳು ಅಂದಳು. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಶಾರವ್ವನಿಗೆ ನಗು ಬರಲಿಲ್ಲ. ಗಂಡ ಸತ್ತ ದಿನವೂ ಅವನ ಹಕ್ಕಿ ಸಾಮಾನನ್ನು ತಾನೇ ಕಾಯಬೇಕಲ್ಲ ಎಂದು ಮೈಯೆಲ್ಲ ಉರಿಯಿತು. ಅಳಬೇಕೆಂದು ಕುಳಿತವಳಿಗೆ ಬೆಳಗಿನಿಂದ ಬರುತ್ತಿದ್ದುದು ಬರೀ ಸಿಟ್ಟು.

ಸವಣೂರಿಗೂ ಯಲವಿಗಿ ಸ್ಟೇಶನ್ನಿಗೂ ನಡುವಿನ ಸಣ್ಣ ಊರು ಅದು. ಯುದ್ಧ ಮುಗಿದಿತ್ತು, ರೇಶನ್ ಮುಗಿದಿರಲಿಲ್ಲ. ಊರಿನ ಕನ್ನಡ ಶಾಲೆಯ ಮಾಸ್ತರ ಗುತ್ತೆಪ್ಪ ಮಳೆಗಾಲದಿಂದ ಹಿಡಿದ ಕೆಮ್ಮು ಜ್ವರದಲ್ಲಿ ಸವೆದು ಸವೆದು, ಆ ದಿನ ನಸುಕಿನಲ್ಲಿ ಪ್ರಾಣ ಬಿಟ್ಟಿದ್ದ. ಒಬ್ಬಳೇ ಮಗಳು ಸರೋಜವ್ವ ಹಿರೇಕೆರೂರಿನ ಗಂಡನ ಮನೆಯಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ಮೈ ತೊಳೆದದ್ದಾಗಿತ್ತು, ಅಂಗಳದಲ್ಲಿ ಬಿದಿರಿನ ಸಿದಿಗೆ ಕಟ್ಟಿದ್ದಾಗಿತ್ತು, ಹಲಗೆ ಬಡಿಯುವವರು ಬಂದು ಕುಳಿತಿದ್ದರು. ಆದರೂ ಹೆಣ ಏಳುವ ಲಕ್ಷಣ ಕಾಣುತ್ತಿರಲಿಲ್ಲ.

ಕಾರಣ ಇಷ್ಟೇ. ಆ ಊರಲ್ಲಿ ಯಾರ ಹೆಣ ಎದ್ದರೂ ಮೊದಲ ಹೆಗಲು ಗೌಡರ ಮನೆಯದು. ಬಡವನಿರಲಿ, ಬಲ್ಲಿದನಿರಲಿ, ಗೌಡ ಬಂದು ಮುಂದಿನ ಬಿದಿರಿಗೆ ಹೆಗಲು ಮುಟ್ಟಿಸದ ಹೊರತು ಉಳಿದವರು ಕೈ ಹಚ್ಚುವುದಿಲ್ಲ. ಗುದ್ಲೆಪ್ಪಗೌಡನನ್ನು ಕರೆಯಲು ಹೋದ ವಾಲೀಕಾರ ಹೂವಪ್ಪ ಒಬ್ಬನೇ ತಿರುಗಿ ಬಂದಿದ್ದ. ಬಂದವನು ಮಾಸ್ತರನ ಅಣ್ಣ ಮಂಜಪ್ಪನ ಕಿವಿಯಲ್ಲಿ ಏನೋ ಅಂದ. ಮಂಜಪ್ಪ ತಲೆ ತುರಿಸಿಕೊಳ್ಳುತ್ತ ಹೊಸ್ತಿಲ ಹತ್ತಿರ ಬಂದು ನಿಂತ.

"ಶಾರವ್ವ, ಗೌಡ್ರು ಬರ್ತಾರಂತವಾ. ಇಲ್ಲ ಅಂದಿಲ್ಲ."

"ಮತ್ತ?"

"ಒಂದ ಮಾತು ಕೇಳ್ಯಾರ. 'ಮಾಸ್ತರಗ ಕೊಬ್ಬಿತ್ತು, ತಪ್ಪಾತು' ಅಂತ ನಿನ್ನ ಬಾಯಿಲೆ ನಾಲ್ಕು ಮಂದಿ ಮುಂದ ಬರಬೇಕಂತ. ಬಂದ್ರ ಅವರ ಖುದ್ದ ಮೊದಲ ಹೆಗಲು ಕೊಡತಾರಂತ."

ಶಾರವ್ವ ಹೆಣದ ಕಡೆ ನೋಡಿದಳು. ಕೊಬ್ಬು! ಈ ಒಂದು ಶಬ್ದ ತನ್ನ ಸಂಸಾರವನ್ನು ಇಷ್ಟು ವರ್ಷ ಅರೆದದ್ದು ಸಾಲದೆ, ಇವತ್ತು ಹೆಣದ ತಲೆದಿಂಬಿಗೂ ಬಂದು ಕುಳಿತಿತಲ್ಲ ಎಂದು ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು.

*

ಮುಂಬಯಿಯಿಂದ ಪಕ್ಷಿ ಸಂಗ್ರಹದ ಸಾಹೇಬನೊಬ್ಬ ಬಂದು ಹಾನಗಲ್ಲಿನ ಅಡವಿಯ ಅಂಚಿನಲ್ಲಿ ಡೇರೆ ಹಾಕಿದ್ದು ಮಗಳು ಸರೋಜಿ ಇನ್ನೂ ಅಂಬೆಗಾಲಿಡುತ್ತಿದ್ದಾಗ. ಊರವರ ಮಾತು ತಿಳಿಸಿ ಹೇಳಲು ಅವನಿಗೆ ಒಬ್ಬ ಮಾಸ್ತರ ಬೇಕಾಗಿದ್ದ. ಗುತ್ತೆಪ್ಪ ರಜೆ ಹಾಕಿ ಹೋದ. ಹಕ್ಕಿಯ ತೊಗಲು ಸುಲಿಯುವುದು, ಅರಳೆ ತುಂಬುವುದು, ಪಾಷಾಣ ಸವರುವುದು ಎಲ್ಲ ಕಲಿತ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹೊರಡುವ ದಿನ ಸಾಹೇಬ ಚಹಾ ಕುಡಿಯುತ್ತ, ಒಂದೇ ಮರದ ಎರಡು ಗಂಡು ಗೀಜಗಗಳಲ್ಲಿ ಒಂದರ ಎದೆ ಅರಿಶಿನದ ಹಾಗೆ, ಇನ್ನೊಂದರದು ಒಣಹುಲ್ಲಿನ ಹಾಗೆ ಯಾಕಿರುತ್ತದೋ ಯಾರಿಗೂ ಗೊತ್ತಿಲ್ಲ, ಮೈಯೊಳಗಿನ ಕೊಬ್ಬಿಗೂ ಬಣ್ಣಕ್ಕೂ ನಂಟಿದ್ದರೂ ಇರಬಹುದು ಎಂದುಬಿಟ್ಟ. ಸಾಹೇಬ ಚಹಾ ಮುಗಿಸಿ ಹೋದ. ಮಾತು ಮಾಸ್ತರನ ತಲೆಯೊಳಗೆ ಹೊಕ್ಕು ಮೊಟ್ಟೆ ಇಟ್ಟಿತು.

"ಉಂಡ ಮೈಗೆ ಹೊಳಪು ಇರ್ತೈತೋ ಇಲ್ಲೋ?" ಎಂದು ಅವನು ಶಾರವ್ವನನ್ನು ಕೇಳಿದ್ದ. "ಹಕ್ಕೀಗೂ ಅದ ಇರಬೇಕು. ಕೊಬ್ಬು ಇದ್ದಾಂವಗ ಬಣ್ಣ. ಅಷ್ಟ ತೋರಿಸಿಬಿಟ್ರ ಆತು."

ಅಷ್ಟೇ ತೋರಿಸಲು ಅವನು ಮಾಡಿದ್ದೇನು ಕಡಿಮೆಯೆ! ಮೃಗಶಿರಾ ಮಳೆ ಬಿದ್ದು ಗೀಜಗಗಳಿಗೆ ಹಳದಿ ಏರಿದ ಕೂಡಲೇ ಬಲೆ ತೆಗೆದುಕೊಂಡು ಹೊರಡುವುದು. ಹಿಡಿದದ್ದನ್ನು ಸುಲಿದು, ಉಳಿದ ಮೈಯನ್ನು ಬಿಸಿಲಲ್ಲಿ ಒಣಗಿಸಿ, ಕುಟ್ಟಿ, ಪೆಟ್ರೋಲಿನಲ್ಲಿ ನೆನೆಹಾಕಿ ಸೋಸುವುದು. ಪೆಟ್ರೋಲು ಆರಿಹೋದ ಮೇಲೆ ಬಟ್ಟಲಿನ ತಳದಲ್ಲಿ ಅಂಟಿ ಉಳಿಯುವ ಜಿಡ್ಡೇ ಕೊಬ್ಬು. ಅದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ತೂಗುವುದು. ಮನೆಯೆಲ್ಲ ಮೋಟಾರಿನ ವಾಸನೆ. ಶಾರವ್ವ ಒಲೆ ಹಚ್ಚುವ ಮೊದಲು ಬಟ್ಟಲು ಎಲ್ಲಿದೆಯೆಂದು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮನೆಯೇ ಹೊತ್ತಿಕೊಳ್ಳುತ್ತದೆ.

ಅವಳ ಹೊಟ್ಟೆ ಉರಿಯುತ್ತಿದ್ದುದು ಇನ್ನೊಂದಕ್ಕೆ. ಒಂದು ಸಲ ಬಲೆಗೆ ಗೀಜಗದ ಜೊತೆ ಮರಿಕೋಳಿಯಂಥ ಕೊಬ್ಬಿದ ಬುರಲಿಹಕ್ಕಿಗಳೂ ಬಿದ್ದವು. ಸರೋಜಿ ಅವನ್ನು ನೋಡಿ ಕುಣಿದಳು. ಶಾರವ್ವ ಮಸಾಲೆ ಅರೆದಳು, ರೊಟ್ಟಿ ಬಡಿದಳು. ಮಾಸ್ತರ ಒಂದು ತುಂಡೂ ಕೊಡಲಿಲ್ಲ.

"ಸಾರಿಗೆ ಹಾಕಿದ್ರ ಕೊಬ್ಬೆಲ್ಲ ಸಾರಿನ್ಯಾಗ ಹೋಗತೈತಲ್ಲ, ತೂಗೋದು ಏನನ್ನ?"

"ಊರ ಮಂದಿ ಹಕ್ಕಿ ಹಿಡಿದು ಉಣ್ಣತಾರ. ನೀವು ಹಿಡಿದು ತೂಗತೀರಿ. ನಿಮಗ ಖರೇನ ಕೊಬ್ಬು ಬಂದೈತಿ ನೋಡ್ರಿ!"

ಸರೋಜಿ ಬರಿಯ ರೊಟ್ಟಿ ಖಾರ ತಿಂದು ಅಳುತ್ತ ಮಲಗಿದಳು. ಬುರಲಿಹಕ್ಕಿಗಳು ಮಾಳಿಗೆಯ ಮೇಲೆ ಒಣಗಿದವು. ಆ ಮಾತನ್ನು ಶಾರವ್ವ ಆಮೇಲೆ ಎಷ್ಟು ಸಲ ಅಂದಳೋ ಲೆಕ್ಕವಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಕುತುಬುದ್ದೀನ ಬಂದ. ಶಿಗ್ಗಾಂವದಿಂದ ಸವಣೂರಿನ ಮೇಲೆ ಯಲವಿಗಿಗೆ ಹೋಗುವ ಬಸ್ಸಿನ ಡ್ರೈವರ. ಮಾಸ್ತರನಿಗೆ ಬಾಟಲಿಯಲ್ಲಿ ಪೆಟ್ರೋಲು ಕೊಡುತ್ತಿದ್ದವನು. ಬಸ್ಸನ್ನು ಹಾದಿಯಲ್ಲೇ ನಿಲ್ಲಿಸಿ, ಒಳಗಿನ ಮಂದಿಯನ್ನು ಬೇವಿನ ನೆರಳಿಗೆ ಇಳಿಸಿ ಬಂದಿದ್ದ. ಖಾಲಿ ಸಿದಿಗೆಯ ಮುಂದೆ ಟೊಪ್ಪಿಗೆ ಸರಿಮಾಡಿಕೊಂಡು ನಿಂತು, ಕಣ್ಣು ಒರೆಸಿಕೊಂಡ.

"ಮೊದಲ ಸಲ ಪೆಟ್ರೋಲ್ ಕೇಳಿದಾಗ ನಾ ಕೇಳಿದ್ದೆ, 'ಮಾಸ್ತರ, ಮೋಟಾರ್ ಯಾವಾಗ ತಗೊಂಡ್ರಿ?' ಅಂತ. 'ಮೋಟಾರಿಗಲ್ಲಪಾ, ಗೀಜಗಕ್ಕ' ಅಂದ್ರು. ಗೀಜಗ ಪೆಟ್ರೋಲ್ ಮ್ಯಾಲ ಹಾರತೈತಿ ಅಂತ ನಮ್ಮ ಕಂಡಕ್ಟರ್ ಇಂದಿಗೂ ನಂಬ್ಯಾನ." ಹೇಳುತ್ತಲೇ ಅವನು ಸಿದಿಗೆಯ ಬಿದಿರಿನ ಮೇಲೆ ಕೈ ಇಟ್ಟ. "ಯುದ್ಧ ಬಂತು, ಬಸ್ಸಿಗೆ ಇದ್ದಲಿ ಗ್ಯಾಸ್ ಹಾಕಿದ್ರು. ನಾ ಪೆಟ್ರೋಲ್ ಎಲ್ಲಿಂದ ತರಲಿ? ಆವತ್ತು ಅವರ ಮಾರಿ ನೋಡಾಕ ಆಗಲಿಲ್ಲ."

ನಂತರ ಸುತ್ತ ನೋಡಿ, "ಮತ್ಯಾಕ ತಡ?" ಎಂದ. ಮಂಜಪ್ಪ ವಿಷಯ ಹೇಳಿದ.

"ಅಷ್ಟ ಏನು? ನಾ ಕೊಡತೇನಿ ಮೊದಲ ಹೆಗಲು. ಬರ್ರಿ, ಯಾರರ ಮೂವರು ಬರ್ರಿ."

ಅಂಗಳದಲ್ಲಿ ಯಾರೂ ಕದಲಲಿಲ್ಲ. ಕೆಲವರು ಬೀಡಿಯ ತುದಿ ನೋಡಿದರು, ಕೆಲವರು ಆಕಾಶ ನೋಡಿದರು. ಕುತುಬುದ್ದೀನ ಇವತ್ತು ಬಸ್ಸು ಹತ್ತಿ ಹೋಗುವವನು. ಅವರೆಲ್ಲ ನಾಳೆಯೂ ಗೌಡನ ಹೊಲದ ಹಾದಿಯಲ್ಲೇ ನಡೆಯುವವರು.

"ಎಲ್ಲಾ ಆ ಒಂದು ಮಾತಿನಿಂದ ಆತು," ಎಂದು ಮಂಜಪ್ಪ ಹಣೆ ಬಡಿದುಕೊಂಡ. "ಮಾತಾಡಿದ್ರ ಹೋತು, ಮುತ್ತು ಒಡೆದ್ರ ಹೋತು ಅಂತಾರ. ನನ್ನ ತಮ್ಮ ಅವತ್ತು 'ಕೊಬ್ಬು' ಅನ್ನೂ ಬದಲಿ ಎಲ್ಲಾರಂಗ 'ಚರಬಿ' ಅಂದಿದ್ರ ಮುಗೀತಿತ್ತು. ಶಾಲಿ ಮಾಸ್ತರ ನೋಡು, ಅಚ್ಚಗನ್ನಡ ಬಿಡಾಂಗಿಲ್ಲ!"

"ಮುಗೀತಿರಲಿಲ್ಲ ಬಿಡ್ರಿ," ಎಂದ ಕುತುಬುದ್ದೀನ. "ನಮ್ಮ ಮಾತಿನ್ಯಾಗ ಚರಬಿ ಏರೈತಿ ಅಂದ್ರೂ ಸೊಕ್ಕು ಬಂದೈತಿ ಅಂತನ ಅರ್ಥ."

ಒಳಗೆ ಕುಳಿತ ಶಾರವ್ವನಿಗೆ ಇದು ಕೇಳಿಸಿತು. ಅಂದರೆ ಯಾವ ಭಾಷೆಯಲ್ಲಿ ಅಂದಿದ್ದರೂ ಈ ಮನುಷ್ಯನ ಹಣೆಬರಹ ಇಷ್ಟೇ ಆಗಿತ್ತು ಅನ್ನು!

*

ವರ್ಷಗಳ ಹಿಂದೆ, ಆ ಮಾತು ಬಿದ್ದ ದಿನ, ಗೌಡ ಹಾನಗಲ್ಲ ಅಡವಿಯಿಂದ ಒಂದು ಕಾಡುಹುಂಜ ತರಿಸಿದ್ದ. ಕೊರಳಿನ ಗರಿಯ ಮೇಲೆ ಚಿನ್ನದ ಹನಿ ಸಿಡಿಸಿದಂಥ ಹುಂಜ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆಗೆ ಹೊಸ ಜರಿ ರುಮಾಲು ಸುತ್ತಿಕೊಂಡು, ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದ. ಸವಣೂರು, ಶಿಗ್ಗಾಂವದ ದೊಡ್ಡ ದೊಡ್ಡ ಮಂದಿ ನೋಡಲು ಬಂದಿದ್ದರು. ಶಾಲೆ ಬಿಟ್ಟು ಬರುತ್ತಿದ್ದ ಮಾಸ್ತರ ಹುಂಜವನ್ನು ಕಂಡವನೇ ಮೈಮರೆತು ನಿಂತ. ನಿಂತವನು ಸುಮ್ಮನಿರಬೇಕೋ ಬೇಡವೋ?

"ಗೌಡ್ರ, ಹೊರಗಿನ ಬಣ್ಣ ಏನೋ ಭಾರಿ ಐತ್ರಿ. ಒಳಗ ಕೊಬ್ಬು ಎಷ್ಟೈತಿ ಅನ್ನೋದು ಹೊಟ್ಟಿ ಸೀಳಿದ ಮ್ಯಾಲ ತಿಳೀತೈತಿ."

ಹುಂಜ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಮನಸ್ಸಿನಲ್ಲಿದ್ದದ್ದು ಹುಂಜವೊಂದೇ ಆದ್ದರಿಂದ ಬೇರೆ ಹೇಳಬೇಕೆಂದು ಅವನಿಗೆ ತೋರಲಿಲ್ಲ. ಶಿಗ್ಗಾಂವದ ಕಾಳಿನ ವ್ಯಾಪಾರಿಯೊಬ್ಬ ಪಕ್ಕನೆ ನಕ್ಕ. ಅವನ ಹಿಂದೆ ಕಟ್ಟೆಗೆ ಕಟ್ಟೆಯೇ ನಕ್ಕಿತು. ಗೌಡನ ಮುಖ ಹುಂಜದ ಜುಟ್ಟಿನ ಬಣ್ಣಕ್ಕೆ ತಿರುಗಿತು.

ತಪ್ಪು ಅಲ್ಲಿಗೇ ನಿಂತಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಶಾರವ್ವನೇ ಗಂಡನನ್ನು ಮರುದಿನ ಗೌಡನ ಮನೆಗೆ ದಬ್ಬಿ ಕಳಿಸಿದಳು, ಕಾಲು ಹಿಡಿದು ಬಾ ಎಂದು. ಇವನು ಹೋಗಿ ಮಾಡಿದ್ದೇನು? ಕೊಬ್ಬೆಂದರೆ ಎರಡು ಅರ್ಥ ಎಂದು ಗೌಡನಿಗೆ ಪಾಠ ಹೇಳಿದ! ತಾನು ಅಂದದ್ದು ಮೈಯೊಳಗಿನದು, ಸೊಕ್ಕಲ್ಲ ಎಂದು ವಿಂಗಡಿಸಿ ತಿಳಿಸಿದ. ಹೊರಟವನು ಬಾಗಿಲಲ್ಲಿ ತಿರುಗಿ ನಿಂತು, "ಹುಂಜ ಸತ್ತ ದಿವಸ ಮರೀದ ನನಗ ಹೇಳಿ ಕಳಸ್ರಿ ಗೌಡ್ರ, ತೂಗಿ ನೋಡತೇನಿ," ಎಂದು ಕೈಮುಗಿದು ಬಂದ.

ಅಂದಿನಿಂದ ಗೌಡನ ಕೆರೆದಂಡೆಯ ಈಚಲಗಿಡಗಳ ಹತ್ತಿರ ಮಾಸ್ತರ ಹೆಜ್ಜೆ ಇಡುವಂತಿರಲಿಲ್ಲ. ಗೀಜಗಗಳ ಗೂಡೆಲ್ಲ ಇದ್ದದ್ದು ಅಲ್ಲಿಯೇ. ಅವನು ಬಲೆ ಹೆಗಲಿಗೆ ಹಾಕಿಕೊಂಡು ಸವಣೂರಿನ ಎಲೆಬಳ್ಳಿ ತೋಟಗಳವರೆಗೆ ನಡೆಯಬೇಕಾಯಿತು. ಊರ ಹುಡುಗರು ಅವನನ್ನು ಕೊಬ್ಬಿನ ಮಾಸ್ತರ ಎಂದೇ ಕರೆದರು. ಹಾಗೆಂದು ಕರೆದರೆ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ; ಓ ಎನ್ನುತ್ತಿದ್ದ. ಶಾರವ್ವನಿಗೆ ಸಿಟ್ಟು ಬರುತ್ತಿದ್ದುದು ಅದಕ್ಕೇ.

ಇಷ್ಟೆಲ್ಲ ಮಾಡಿದ್ದಕ್ಕೆ ಕೈಗೆ ಬಂದದ್ದಾದರೂ ಏನು? ಒಂದು ವರ್ಷ ಹೌದೆಂದು ತೋರಿದ್ದು ಮುಂದಿನ ವರ್ಷ ಅಲ್ಲವೆನ್ನುತ್ತಿತ್ತು. ಒಮ್ಮೆ ತೊಗಲುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಯಲವಿಗಿಯಿಂದ ರೈಲು ಹತ್ತಿ, ಯಾರೋ ದೊಡ್ಡ ಪಂಡಿತರಿಗೆ ತೋರಿಸುತ್ತೇನೆಂದು ಧಾರವಾಡಕ್ಕೆ ಹೋದ. ಅವರು ಊಟಕ್ಕೆ ಹೋಗಿದ್ದರಂತೆ; ಇವನು ಜಗುಲಿಯಲ್ಲಿ ಕಾಯುತ್ತ ಕುಳಿತು ನಿದ್ದೆ ಹೋದ. ಎಚ್ಚರವಾಗುವಷ್ಟರಲ್ಲಿ ಅವರು ಬಂದು ಹೋಗಿದ್ದರು, ಚೀಲಕ್ಕೆ ಇರುವೆ ಮುತ್ತಿದ್ದವು. ಪಾಷಾಣಕ್ಕೂ ಹೆದರದ ಇರುವೆ ಧಾರವಾಡದಾಗಷ್ಟ ಇರ್ತಾವ ನೋಡು ಎಂದು ಅವನು ಮನೆಗೆ ಬಂದು ನಕ್ಕ. ಶಾರವ್ವ ನಗಲಿಲ್ಲ. ಚೀಲವನ್ನು ಅಂಗಳದಲ್ಲಿ ಕೊಡವಿ, ಒಳಗೆ ಬಂದು ಅತ್ತಳು.

*

ಬಿಸಿಲು ಇಳಿಯತೊಡಗಿತು. ಹೆಣ ಏಳದೆ ಓಣಿಯಲ್ಲಿ ಯಾರೂ ಒಲೆ ಹಚ್ಚುವಂತಿರಲಿಲ್ಲ. ಹಸಿದ ಕೂಸುಗಳು ಎಲ್ಲ ಮನೆಗಳಲ್ಲೂ ಅಳುತ್ತಿದ್ದವು. ಭರಮವ್ವ ಶಾರವ್ವನ ಪಕ್ಕಕ್ಕೆ ಸರಿದಳು.

"ತಂಗಿ, ಮನಿಯಾಗ ದಿನಾ ಅಂತಿದ್ದೆಲ್ಲ, ನಿಮಗ ಕೊಬ್ಬು ಬಂದೈತಿ ಅಂತ. ನಾವೇನ ಗ್ವಾಡಿ ಆಚೀಕ ಕಿವುಡರಿದ್ವೇನು? ಅದನ್ನ ಇವತ್ತೊಂದು ಸಲ ಅಂದ್ರ ಏನಾಗತೈತಿ?"

"ನಾ ಅಂದಿದ್ದು ನನ್ನ ಗಂಡಗ, ಭರಮಕ್ಕ. ಒಲಿ ಮುಂದ ಅಂದಿದ್ದು."

"ಮಾತು ಅದ ಅಲ್ಲೇನು?"

"ಅದಲ್ಲ."

ಯಾಕೆ ಅದಲ್ಲ ಎಂದು ಕೇಳಿದರೆ ಬಿಡಿಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ. ತಾನು ಬೈದ ಬೈಗುಳ ತನ್ನದು. ಅದನ್ನು ಊರು ಕೇಳಿ ಇಸಿದುಕೊಂಡು, ಹೆಣದ ಮೇಲೆ ಹೊದಿಸಿ ಕಳಿಸುತ್ತದೆಯೆಂದರೆ ಅವಳ ಕರುಳಿಗೆ ಒಪ್ಪುತ್ತಿರಲಿಲ್ಲ. ಅಂದುಬಿಟ್ಟರೆ ಅವನು ಮಣ್ಣಾಗುತ್ತಾನೆ, ಸೊಕ್ಕಿನವನಾಗಿ ಮಣ್ಣಾಗುತ್ತಾನೆ. ಅನ್ನದಿದ್ದರೆ ಪಡಸಾಲೆಯಲ್ಲೇ ಉಳಿಯುತ್ತಾನೆ. ಇದಾವ ನ್ಯಾಯವೋ ಶಿವನೇ!

*

ಜ್ವರ ಏರಿದ ಒಂದು ಸಂಜೆ ಮಾಸ್ತರ ಕೌದಿಯೊಳಗಿಂದ ಕೂಗಿದ್ದ. "ಶಾರಿ, ಇಲ್ಲಿ ಬಾ. ನಾ ತಿರುಗಾಮುರುಗಾ ಹಿಡಿದಿದ್ದೆ."

"ಏನನ್ನ?"

"ಹಳದಿ ಭಾಳ ಇದ್ದ ಗೀಜಗದಾಗ ಕೊಬ್ಬು ಭಾಳ ಸಿಗತೈತಿ ಅಂತ ಹುಡುಕಿದೆ. ಸಿಗಲಿಲ್ಲ. ನನ್ನ ತಕ್ಕಡಿನ ಸುಳ್ಳು ಅಂದ್ಕೊಂಡೆ. ತಕ್ಕಡಿ ಸುಳ್ಳಲ್ಲ. ಆ ಹಳದೀಗೆ, ಆ ಗೂಡು ನೇಯೋದಕ್ಕ, ಆ ಹಾಡೋದಕ್ಕ ಇದ್ದ ಕೊಬ್ಬೆಲ್ಲ ಖರ್ಚಾಗಿ ಹೋಗತೈತಿ. ಚಂದ ಕಾಣಾಂವ ಒಳಗ ಬರಿದಾಗಿರ್ತಾನ. ಹಂಗ ಇರಬೇಕು. ಇನ್ನೊಂದು ಮಳಿಗಾಲ ತೂಗಿದ್ರ ಖಾತ್ರಿ ಆಗತೈತಿ. ಕುತುಬುಗ ಕೇಳು, ಪೆಟ್ರೋಲ್ ಬಿಟ್ಟಾರೇನು ಅಂತ."

ಶಾರವ್ವ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಬಂತು ನೋಡಿ ಅವಳಿಗೆ ಸಿಟ್ಟು.

"ಇದನ್ನ ನಮ್ಮವ್ವ ಯಾವಾಗೋ ಹೇಳಿದ್ಲು. ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು ಅಂತ. ಅಷ್ಟು ತಿಳಕೊಳ್ಳಾಕ ನನ್ನ ಮಗಳ ಬಾಯಾಗಿನ ಬುರಲಿಹಕ್ಕಿ ಕಸಗೊಂಡ್ರೇನು ನೀವು?"

ಮಾಸ್ತರ ಕಣ್ಣರಳಿಸಿ ಅವಳನ್ನೇ ನೋಡಿದ. "ಖರೇನ ಅಲ್ಲೇನ ಶಾರಿ! ಗಾದಿ ಮಾತು ಮೊದಲ ನೆನಪಾಗಿದ್ರ..." ಎಂದವನಿಗೆ ಕೆಮ್ಮು ಬಂತು. ಕೆಮ್ಮಿನ ನಡುವೆಯೇ ನಕ್ಕ. ಗಂಜಿ ಕುಡಿಯಲಿಲ್ಲ.

*

"ಭಾವಾರ," ಎಂದು ಶಾರವ್ವ ಎದ್ದು ನಿಂತಳು. "ಗೌಡ್ರಿಗೆ ಬರಾಕ ಹೇಳಿ ಕಳಸ್ರಿ. ನಾ ಅಂತೇನಿ."

ಮಂಜಪ್ಪ ಉಸಿರು ಬಿಟ್ಟ. ಹೂವಪ್ಪ ಓಡಿದ. ಅಂಗಳದಲ್ಲಿ ಬೀಡಿಗಳು ಆರಿದವು, ಹಲಗೆಯವರು ಹಲಗೆ ಕಾಯಿಸಲು ಕಡ್ಡಿ ಗೀರಿದರು. ಬಸ್ಸನ್ನು ಸ್ಟೇಶನ್ನಿಗೆ ಮುಟ್ಟಿಸಿ ಮರಳಿ ಬಂದಿದ್ದ ಕುತುಬುದ್ದೀನ ಮಾತ್ರ ಅವಳ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡ. ಮಾಸ್ತರನನ್ನು ಎತ್ತಿ ತಂದು ಸಿದಿಗೆಯ ಮೇಲೆ ಮಲಗಿಸಿ, ಗಂಟಲವರೆಗೆ ಹೊಸ ಬಿಳಿಯ ಬಟ್ಟೆ ಹೊದಿಸಿದರು. ಹಗ್ಗ ಇನ್ನೂ ಬಿಗಿದಿರಲಿಲ್ಲ.

ಗುದ್ಲೆಪ್ಪಗೌಡ ಬಂದ. ವಯಸ್ಸಾಗಿತ್ತು, ಆದರೂ ಆಳು ಎತ್ತರಕ್ಕೆ ತಕ್ಕ ಅಗಲ. ಕೊಡೆಯನ್ನು ಹೂವಪ್ಪನ ಕೈಗೆ ಕೊಟ್ಟು ಸಿದಿಗೆಯ ಪಕ್ಕಕ್ಕೆ ನಿಂತ. ಕೇಳುವುದಕ್ಕಾಗಿಯೇ ಬಂದವನಾದ್ದರಿಂದ ಬೇರೆ ಮಾತು ಆಡಲಿಲ್ಲ.

"ಏನಂತೀಯವಾ ಶಾರವ್ವ?"

"ಕೊಬ್ಬಿತ್ತು ಅನ್ನಬೇಕಲ್ರಿ ಗೌಡ್ರ? ಅಂತೇನಿ. ಆದ್ರ ಹೆಣದ ಮುಂದ ಸುಳ್ಳು ಆಡಬಾರದಂತಾರ. ಅದಕ್ಕ ನೀವ ಒಮ್ಮೆ ನೋಡಿಬಿಡ್ರಿ."

ಯಾರಾದರೂ ತಡೆಯುವ ಮೊದಲೇ ಅವಳು ಬಗ್ಗಿ ಬಿಳಿಯ ಬಟ್ಟೆಯನ್ನು ಗಂಡನ ಎದೆಯಿಂದ ಸೊಂಟದವರೆಗೆ ಸರಕ್ಕನೆ ಎಳೆದಳು.

ಹೆಂಗಸರು ಹೋ ಎಂದರು. ಬಿಸಿಲು ಓರೆಯಾಗಿ ಬಿದ್ದು ಮಾಸ್ತರನ ಒಂದೊಂದು ಪಕ್ಕೆಲುಬನ್ನೂ ಬೇರೆಬೇರೆಯಾಗಿ ತೋರಿಸಿತು. ಹೊಟ್ಟೆ ಬೆನ್ನಿಗೆ ಅಂಟಿಹೋಗಿತ್ತು. ಕೊರಳ ಎಲುಬಿನ ಹಿಂದಿನ ಕುಳಿ ಒಂದು ಹಿಡಿ ಜೋಳ ಹಿಡಿಯುವಷ್ಟಿತ್ತು.

"ಎಲ್ಲೈತಿ ತೋರಸ್ರಿ," ಎಂದಳು ಶಾರವ್ವ. ಬರುತ್ತಿದ್ದುದು ಅಳುವೋ ಸಿಟ್ಟೋ ಅವಳಿಗೇ ಗೊತ್ತಿರಲಿಲ್ಲ. "ಹಕ್ಕಿದು ಸೀಳಿ ನೋಡಬೇಕಿತ್ತು. ಇವರದು ಹಂಗ ಕಾಣತೈತಿ. ಕೈ ಇಟ್ಟು ನೋಡ್ರಿ ಗೌಡ್ರ. ಇಲ್ಲಿ ಐತಿ ಕೊಬ್ಬು ಅಂತ ನೀವು ಬೆರಳ ಇಟ್ಟು ತೋರಿಸಿದ್ರ, ನಾ ಇತ್ತು ಅಂತೇನಿ, ತಪ್ಪಾತು ಅಂತೇನಿ, ನಿಮ್ಮ ಕಾಲಿಗೂ ಬೀಳತೇನಿ."



"ಮುಚ್ಚವಾ," ಎಂದ ಗೌಡ.

ಅವಳು ಮುಚ್ಚಲಿಲ್ಲ. ಗೌಡನಿಗೆ ಆ ಪಕ್ಕೆಲುಬುಗಳಿಂದ ಕಣ್ಣು ಕೀಳಲಾಗಲಿಲ್ಲ. ಕೊನೆಗೆ ತನ್ನ ಹೆಗಲ ಮೇಲಿನ ವಲ್ಲಿ ತೆಗೆದು, ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ತಾನೇ ಮಾಸ್ತರನ ಎದೆಗೆ ಹೊದಿಸಿದ. ಮಂಜಪ್ಪ ಅದರ ಮೇಲೆ ಬಿಳಿಯ ಬಟ್ಟೆ ಎಳೆದು, ಹಗ್ಗ ಬಿಗಿದ.

ಗೌಡ ಮುಂದಿನ ಬಿದಿರಿಗೆ ಕೈ ಹಾಕಿದ. ಅವನ ಜೋಡಿಗೆ ಮಂಜಪ್ಪ, ಹಿಂದೆ ಕುತುಬುದ್ದೀನ, ಹೂವಪ್ಪ. ಹಲಗೆ ಬಡಿಯತೊಡಗಿತು. ತುಂಬು ಆಳಿನ ಹೆಣಗಳನ್ನು ಜೀವಮಾನವೆಲ್ಲ ಎತ್ತಿ ಅಭ್ಯಾಸವಿದ್ದ ಗೌಡ ಕಚ್ಚೆ ಬಿಗಿಮಾಡಿ, ಕಾಲು ಅಗಲಿಸಿ ಊರಿ, ಹಲ್ಲು ಕಚ್ಚಿ ಕಸುವು ಹಾಕಿದ.

ಸಿದಿಗೆ ಅವನ ಹೆಗಲಲ್ಲಿ ನಿಲ್ಲದೆ, ತಲೆಯನ್ನೂ ದಾಟಿ ಮೇಲಕ್ಕೆ ಹೋಗಿಬಿಟ್ಟಿತು. ಗೌಡ ಗಾಬರಿಯಿಂದ ಎರಡೂ ಕೈ ಎತ್ತಿ, ಅದನ್ನು ಹಿಡಿದು ಕೆಳಗೆ ಎಳೆದುಕೊಳ್ಳಬೇಕಾಯಿತು.